ಧೂಳು ಎಷ್ಟಿರಲಿ, ಗೀರು ಎಷ್ಟಿರಲಿ?

ಗಿಟಾರಿನ ದಪ್ಪ ತಂತಿಗಳ ಮೇಲೆ ಬೆರಳು ಒಂದು ಫ್ರೆಟ್ಟಿನಿಂದ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯಿಂದ, ಇನ್ನೊಂದಕ್ಕೆ ಜಾರುವಾಗ ‘ಕೀಂಯ್’ ಎಂಬ ಸಣ್ಣ ಸದ್ದೊಂದು ಹೊರಡುತ್ತದೆ. ಉಕ್ಕಿನ ಎಳೆಯ ಮೇಲೆ ಕಂಚಿನ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿರುವುದರಿಂದ, ಆ ಸುತ್ತುಗಳ ಏಣುಗಳನ್ನು ಬೆರಳಿನ ಚರ್ಮ ಸವರಿಕೊಂಡು ಹೋದಾಗ ಅದು ಬರಲೇಬೇಕು. ಅದರಲ್ಲಿ ತಂತಿಯ ತಪ್ಪೂ ಇಲ್ಲ, ಬೆರಳಿನ ತಪ್ಪೂ ಇಲ್ಲ. ಈ ಸದ್ದನ್ನು ರೆಕಾರ್ಡಿಂಗಿನಿಂದ ಅಳಿಸಿ ಹಾಕುವ ಸಾಫ್ಟ್‌ವೇರೊಂದನ್ನು ಹೋದ ವರ್ಷ ಕೊಂಡೆ. ಗಿಟಾರನ್ನು ಮುಟ್ಟದೆಯೇ, ಕೀಬೋರ್ಡಿನ ಮೇಲೆ ಗಿಟಾರಿನ ನಾದವನ್ನು ಹೊರಡಿಸುವ ಇನ್ನೊಂದು ಸಾಫ್ಟ್‌ವೇರನ್ನು ಈ ವರ್ಷ ಕೊಂಡೆ. ಅದರ ಪರದೆಯ ಮೂಲೆಯಲ್ಲಿ ಒಂದು ನಾಬ್ ಇದೆ. ಬೆರಳು ಜಾರುವ ಸದ್ದು ಎಷ್ಟು ಬೇಕೆಂದು ಅದು ಕೇಳುತ್ತದೆ.

ಹೀಗೆ ಒಂದು ಕಂಪನಿಗೆ ಹಣ ಕೊಟ್ಟು ನನ್ನ ಕೀಂಯ್ ಅನ್ನು ಕಳೆದುಕೊಂಡ ನಾನು, ಇನ್ನೊಂದು ಕಂಪನಿಗೆ ಹಣ ಕೊಟ್ಟು ಯಾರದೋ ಅಪರಿಚಿತರ ಕೀಂಯ್ ಅನ್ನು ಮನೆಗೆ ತಂದುಕೊಂಡಿದ್ದೇನೆ. ಇದರಲ್ಲಿ ನನಗೇನೂ ನಷ್ಟವಾಗಿಲ್ಲವೆಂದು ಇಂಥ ವಿಷಯಗಳನ್ನು ಬಲ್ಲವರು ಸಮಾಧಾನ ಹೇಳಿದರು. ನನ್ನದು ದೋಷವಂತೆ, ಅವರದು ‘ವಾಸ್ತವಿಕತೆ’ಯಂತೆ.

ಮನೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡವರ ಲೋಕ ಈ ಒಂದು ತತ್ತ್ವದ ಮೇಲೆ ನಿಂತಿದೆ ಎಂಬುದು ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಟೇಪಿನ ‘ಸುಯ್’ ಸದ್ದನ್ನೇ ತೆಗೆದುಕೊಳ್ಳಿ. ಕಾಂತೀಯ ಕಣಗಳನ್ನು ಬಳಿದ ಪಟ್ಟಿಯ ಮೇಲೆ ಧ್ವನಿಯನ್ನು ಬರೆಯುತ್ತಿದ್ದ ಕಾಲದಲ್ಲಿ, ಆ ಕಣಗಳ ಅಸ್ತವ್ಯಸ್ತತೆಯೇ ಹಾಡಿನ ಹಿಂದೆ ಸುಯ್‌ಗುಡುತ್ತಿತ್ತು. ಅದನ್ನು ಅಡಗಿಸಲು ಒಂದು ಪೀಳಿಗೆಯ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ರೇ ಡಾಲ್ಬಿ 1965ರಲ್ಲಿ ತಮ್ಮ ಪ್ರಯೋಗಾಲಯವನ್ನು ತೆರೆದು ಮೊದಲು ಹೆಸರು ಮಾಡಿದ್ದೇ ಈ ಸುಯ್ ಸದ್ದನ್ನು ತಗ್ಗಿಸುವ ಉಪಾಯದಿಂದ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು. ಅದರ 16 ಬಿಟ್ಟುಗಳಲ್ಲಿ (ಸದ್ದನ್ನು ಅಂಕಿಗಳಾಗಿ ಬರೆಯುವ ಅಳತೆ ಅದು) ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಕ್ಕಿತು, ಅಂದರೆ ಹಾಡಿನ ಹಿಂದೆ ಕೊನೆಗೂ ಮೌನವೆಂಬುದು ಸಿಕ್ಕಿತು. ಇಂದು ನನ್ನ ಮೇಜಿನ ಮೇಲಿರುವ, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಅಂಗೈಯಗಲದ ಆಡಿಯೋ ಇಂಟರ್‌ಫೇಸ್ 24 ಬಿಟ್ಟಿನದು. ಅದರ ಮೌನ ಇನ್ನೂ ಆಳವಾದದ್ದು. ಆ ಮೌನದ ಮೇಲೆ ಹಾಕಲೆಂದು ನನ್ನ ಬಳಿ ನಾಲ್ಕು ಬಗೆಯ ಟೇಪ್ ಪ್ಲಗಿನ್‌ಗಳಿವೆ, ಅಂದರೆ ರೆಕಾರ್ಡಿಂಗ್ ತಂತ್ರಾಂಶಕ್ಕೆ ಸಿಕ್ಕಿಸಿಕೊಂಡು ಟೇಪನ್ನು ಅನುಕರಿಸುವ ಸಣ್ಣ ಸಾಫ್ಟ್‌ವೇರುಗಳು. ನಾಲ್ಕೂ ಸುಯ್ ಎನ್ನುತ್ತವೆ. ಯಾವುದರ ಸುಯ್ ಹೆಚ್ಚು ‘ಬೆಚ್ಚಗಿದೆ’ ಎಂಬ ಚರ್ಚೆಯಲ್ಲಿ ನಾನೂ ಒಂದು ಪಕ್ಷ ವಹಿಸಿದ್ದೇನೆ, ಎರಡು ಹಳೆಯ ಸ್ನೇಹಗಳನ್ನು ಕಳೆದುಕೊಂಡಿದ್ದೇನೆ.

ಗ್ರಾಮಾಫೋನ್ ತಟ್ಟೆಯನ್ನು ಅನುಕರಿಸುವ ಪ್ಲಗಿನ್ನಿನ ಮರ್ಯಾದೆಯಂತೂ ದೊಡ್ಡದು. ಅದು ಬಳಕೆದಾರನನ್ನು ಹಳೆಯ ಕಾಲದ ದರ್ಜಿಯಂತೆ ವಿಚಾರಿಸಿಕೊಳ್ಳುತ್ತದೆ: ಧೂಳು ಎಷ್ಟಿರಲಿ, ಗೀರು ಎಷ್ಟಿರಲಿ, ತಟ್ಟೆ ಎಷ್ಟು ಸೊಟ್ಟಗಾಗಿರಲಿ, ಯಾವ ದಶಕದ್ದಾಗಿರಲಿ? ನಾನು ಮೊದಲ ಸಲ ಅದನ್ನು ತೆರೆದಾಗ ಕಂಪ್ಯೂಟರಿನ ಪಕ್ಕದಲ್ಲಿದ್ದ ನಿಜವಾದ ಧೂಳನ್ನು ಬಟ್ಟೆಯಿಂದ ಒರೆಸುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ವಿದ್ಯುತ್ತಿನ ‘ಗುಂಯ್’ ಸದ್ದಿನ ಕತೆ ಇದಕ್ಕಿಂತ ಸೊಗಸಾಗಿದೆ. ಎಲೆಕ್ಟ್ರಿಕ್ ಗಿಟಾರಿನ ಒಂಟಿ ಸುರುಳಿಯ ಪಿಕಪ್ಪು, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಸಾಧನ, ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ತಿನ ಗುಂಯ್ ಅನ್ನೂ ಹಿಡಿದುಕೊಳ್ಳುತ್ತದೆ. ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಎರಡರ ಗುಂಯ್‌ಗಳೂ ಪರಸ್ಪರ ಹೊಡೆದುಕೊಂಡು ಸಾಯುವಂತೆ ಮಾಡಿದರು. ಆ ಪಿಕಪ್ಪಿಗೆ ಹಂಬಕರ್ ಎಂಬ ಹೆಸರು ಬಂದದ್ದೇ ಅದು ಗುಂಯ್ ಅನ್ನು ಎದುರಿಸಿ ನಿಂತದ್ದರಿಂದ. ನಾನೂ ನನ್ನ ಮಟ್ಟಿಗೆ ಇಂಥದೇ ಹೋರಾಟ ನಡೆಸಿದವನು. ಎರಡು ಬೇರೆ ಬೇರೆ ಪ್ಲಗ್ಗುಗಳಿಗೆ ಸಿಕ್ಕಿಸಿದ್ದ ಆಂಪ್ಲಿಫೈಯರನ್ನೂ ಕಂಪ್ಯೂಟರನ್ನೂ ಒಂದೇ ಪ್ಲಗ್ಗಿಗೆ ತಂದು, ಅರ್ಥಿಂಗ್ ಸರಿಪಡಿಸಿ, ಕೇಬಲ್ ಬದಲಿಸಿ, ಟ್ಯೂಬ್‌ಲೈಟ್ ಆರಿಸಿ, ಕತ್ತಲಲ್ಲಿ ಕುಳಿತು ಗುಂಯ್ ಅನ್ನು ಗೆದ್ದೆ. ಅದಾದ ಮೇಲೆ ಸ್ಟುಡಿಯೊಗಳ ಹಳೆಯ ಮಿಕ್ಸಿಂಗ್ ಕನ್ಸೋಲನ್ನು ಅನುಕರಿಸುವ ಪ್ಲಗಿನ್ನೊಂದನ್ನು ಕೊಂಡು ತೆರೆದರೆ, ಅದರಲ್ಲಿ 50 ಹರ್ಟ್ಸ್ ಮತ್ತು 60 ಹರ್ಟ್ಸ್ ಎಂಬ ಎರಡು ಆಯ್ಕೆಗಳಿದ್ದವು. ಯಾವ ದೇಶದ ವಿದ್ಯುತ್ತು ನನ್ನ ಹಾಡಿನ ಹಿಂದೆ ಗುಂಯ್‌ಗುಡಬೇಕೆಂಬುದನ್ನು ನಾನೇ ತೀರ್ಮಾನಿಸಬಹುದಿತ್ತು. ಅಮೆರಿಕದ್ದನ್ನು ಆರಿಸಿದೆ, ಖರ್ಚು ಮಾಡಿದ ಮೇಲೆ ವಿದೇಶದ್ದೇ ಇರಲಿ.

ಕೋಣೆಯ ವಿಷಯಕ್ಕೆ ಬಂದರೆ, ಗೋಡೆಗೆ ಫೋಮ್ ಅಂಟಿಸುವುದು ಈ ಧರ್ಮದ ದೀಕ್ಷೆ. ಫೋಮ್ ಸಿಗದವರು ಮೊಟ್ಟೆಯ ಟ್ರೇ ಅಂಟಿಸುತ್ತಾರೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸಿನದು, ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು. ಐದು ಸೆಂಟಿಮೀಟರ್ ದಪ್ಪದ ಸ್ಪಂಜನ್ನು ಕಂಡು ಅದು ಹೆದರುವುದಿಲ್ಲ, ಮೊಟ್ಟೆಯ ಟ್ರೇಯನ್ನು ಗಮನಿಸುವುದೂ ಇಲ್ಲ. ಹೀಗಾಗಿ ಪಕ್ಕದ ಮನೆಯವರಿಗೆ ಮೊದಲಿನಷ್ಟೇ ಕೇಳಿಸುತ್ತಿರುತ್ತದೆ. ಒಳಗೆ ಕುಳಿತವನಿಗೆ ಮಾತ್ರ ತೀಕ್ಷ್ಣ ಸ್ವರಗಳೆಲ್ಲ ಇಂಗಿಹೋಗಿ, ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಹಾಡಿದಂತೆ ಕೇಳಿಸುತ್ತದೆ. ಇಷ್ಟು ಕಷ್ಟಪಟ್ಟು ಕೋಣೆಯ ಪ್ರತಿಧ್ವನಿಯನ್ನು ಕೊಂದ ಮರುಗಳಿಗೆಯಲ್ಲಿ ರಿವರ್ಬ್ ಪ್ಲಗಿನ್ ತೆರೆದು, ನಾನೆಂದೂ ಕಾಲಿಡದ ಯಾವುದೋ ಶತಮಾನಗಳ ಹಿಂದಿನ ಚರ್ಚಿನ ಪ್ರತಿಧ್ವನಿಯನ್ನು ಹಾಡಿಗೆ ತೊಡಿಸುತ್ತೇನೆ. ನನ್ನ ಮಲಗುವ ಕೋಣೆಯ ಪ್ರತಿಧ್ವನಿಯನ್ನು ಮಾತ್ರ ಇದುವರೆಗೆ ಯಾರೂ ಮಾರಾಟಕ್ಕಿಟ್ಟಿಲ್ಲ. ಇಟ್ಟ ದಿನ ಅದನ್ನೂ ಕೊಳ್ಳುವವನೇ.

ತಾಳದ ವಿಷಯದಲ್ಲಿ ನನಗೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಿವಿಯಲ್ಲಿ ತಾಳ ಎಣಿಸುವ ಮೆಟ್ರೋನೋಮಿನ ಕ್ಲಿಕ್ ಇಟ್ಟುಕೊಂಡು ಒಂದು ಸಂಜೆ ನಾಲ್ಕು ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಳವಾದ ಆವರ್ತವೊಂದನ್ನು ನುಡಿಸಿದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಾಗ ಒಂದು ಹೊಡೆತವೂ ತಾಳದ ಗೆರೆಯ ಮೇಲಿರಲಿಲ್ಲ. ಕೆಲವು ಮುಂದೆ ನುಗ್ಗಿದ್ದವು, ಕೆಲವು ಹಿಂದೆ ಉಳಿದಿದ್ದವು, ಕಾರ್ಡು ಬದಲಾಗುವ ಜಾಗದಲ್ಲಂತೂ ಬೆರಳುಗಳು ಪರಸ್ಪರ ದಾರಿ ಕೇಳಿಕೊಂಡಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲವನ್ನೂ ಎಳೆದು ಗೆರೆಗೆ ತಂದು ಕೂರಿಸುವ ಸೌಲಭ್ಯವನ್ನು ಬಳಸಿದೆ. ಕೇಳಿದರೆ ಹೊಲಿಗೆ ಯಂತ್ರದಂತಿತ್ತು. ಇದಕ್ಕೂ ಪರಿಹಾರವಿದೆ ಎಂದು ಅದೇ ತಂತ್ರಾಂಶ ಆಶ್ವಾಸನೆ ಕೊಟ್ಟಿತು. ‘ಹ್ಯೂಮನೈಸ್’ ಎಂಬ ಗುಂಡಿ ಒತ್ತಿದರೆ ಪ್ರತಿ ಹೊಡೆತವನ್ನೂ ಕೆಲವು ಮಿಲಿಸೆಕೆಂಡುಗಳಷ್ಟು ಹಿಂದೆ ಮುಂದೆ ತಳ್ಳಿ ಮನುಷ್ಯನೇ ನುಡಿಸಿದಂತೆ ಮಾಡುತ್ತದೆ. ನಾನೀಗ ನನ್ನ ಮನುಷ್ಯತ್ವವನ್ನು ಶೇ. 18ಕ್ಕೆ ಇಟ್ಟುಕೊಂಡಿದ್ದೇನೆ. ಶೇ. 25 ದಾಟಿದರೆ ತಾಳ ತಪ್ಪಿದಂತೆ ಕೇಳಿಸುತ್ತದೆ. ಆ ಸಂಜೆ ನಾನು ಸ್ವತಃ ನುಡಿಸಿದ್ದು ನೂರಕ್ಕೆ ನೂರು ಮನುಷ್ಯತ್ವದ್ದಾಗಿತ್ತು, ಆದ್ದರಿಂದಲೇ ಅದು ಉಪಯೋಗಕ್ಕೆ ಬರಲಿಲ್ಲ.

ಇದೆಲ್ಲ ಕಂಪ್ಯೂಟರಿನ ಮಾಯೆ, ಮರ ಮತ್ತು ಲೋಹದ ಲೋಕದಲ್ಲಿ ಹೀಗಿಲ್ಲವೆಂದು ಭಾವಿಸುವವರು ಗಿಟಾರಿನ ಅಂಗಡಿಗೆ ಒಮ್ಮೆ ಹೋಗಿ ಬರಬೇಕು. ಕಾರ್ಖಾನೆಯಿಂದ ಹೊಳೆಹೊಳೆಯುತ್ತ ಹೊರಬಂದ ಹೊಸ ಗಿಟಾರಿನ ಬಣ್ಣವನ್ನು ಉಜ್ಜಿ, ಅಂಚುಗಳನ್ನು ಚಚ್ಚಿ, ಬೆನ್ನಿಗೆ ಬೆಲ್ಟಿನ ಬಕಲ್ ತಾಗಿ ಸವೆದಂಥ ಕಲೆ ಮೂಡಿಸಿ, ಲೋಹದ ಭಾಗಗಳಿಗೆ ತುಕ್ಕಿನ ಛಾಯೆ ತಂದು, ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರುವ ಪದ್ಧತಿ ಬಹಳ ಕಾಲದಿಂದ ಇದೆ. ಅಲ್ಪ ಜೀರ್ಣ, ಅತಿ ಜೀರ್ಣ ಎಂಬ ದರ್ಜೆಗಳೂ ಇವೆ, ಜೀರ್ಣವಾದಷ್ಟೂ ದುಬಾರಿ. ಒಬ್ಬ ಕಲಾವಿದ ಮೂವತ್ತು ವರ್ಷ ವೇದಿಕೆಯ ಮೇಲೆ ಬೆವರಿ ಗಳಿಸಿದ್ದನ್ನು ಕುಶಲಕರ್ಮಿಯೊಬ್ಬ ಕೆಲವೇ ದಿನಗಳಲ್ಲಿ ಮಾಡಿಕೊಡುತ್ತಾನೆ. ಇದನ್ನು ನಂಬಿ ನನ್ನ ಸಾಧಾರಣ ಗಿಟಾರನ್ನು ಮಾರಲು ಹೋದೆ. ಒಮ್ಮೆ ಅದು ಗೋಡೆಯಿಂದ ಜಾರಿ ಬಿದ್ದು ಅಂಚಿನಲ್ಲಿ ಬಣ್ಣ ಎದ್ದಿತ್ತು. ಅಂಗಡಿಯವರು ಕನ್ನಡಕ ಏರಿಸಿ ಆ ಕಲೆಯನ್ನು ನೋಡಿ ಬೆಲೆಯನ್ನು ಇಳಿಸಿದರು.

“ಸ್ವಾಮಿ, ಅಲ್ಲಿ ಗೋಡೆಗೆ ತೂಗುಹಾಕಿರುವುದಕ್ಕೆ ಇದರ ಹತ್ತು ಪಟ್ಟು ಕಲೆಗಳಿವೆಯಲ್ಲ?” ಎಂದೆ.

“ಅದು ಕಂಪನಿಯಿಂದಲೇ ಬಂದ ಕಲೆ ಸಾರ್. ಇದು ಬಿದ್ದು ಆಗಿದ್ದು,” ಎಂದರು.

ಅನಧಿಕೃತ ಗೀರಿಗೆ ಮಾರುಕಟ್ಟೆಯಿಲ್ಲವೆಂಬುದು ಅಂದು ತಿಳಿಯಿತು.

ಇಂಥದರಲ್ಲಿ ಪಳಗಿದವನೆಂದು ಹೆಸರಾಗಿರುವುದರಿಂದ ಹುಡುಗರು ಆಗಾಗ ಸಲಹೆ ಕೇಳಿಕೊಂಡು ಬರುತ್ತಾರೆ. ಈಚೆಗೆ ಬಂದವನಿಗೆ ತನ್ನ ಹಾಡಿಗೆ ಯಾವ ಟೇಪ್ ಪ್ಲಗಿನ್ ಹೊಂದುತ್ತದೆಂಬ ಚಿಂತೆ. “ಹಾಡು ಎಲ್ಲಪ್ಪಾ, ಕೇಳಿಸು,” ಎಂದೆ. “ಇನ್ನೂ ರೆಕಾರ್ಡ್ ಮಾಡಿಲ್ಲ ಸಾರ್, ಎಫ್ ಕಾರ್ಡ್ ಬರುತ್ತಿಲ್ಲ,” ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಪೈಕಿ ನಾನೂ ಒಬ್ಬನಾದ್ದರಿಂದ ನಗಲಿಲ್ಲ. ಎಫ್ ಕಾರ್ಡಿನ ಕಷ್ಟ ಕಲಿತವರಿಗೆಲ್ಲ ಗೊತ್ತು: ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒಂದೇ ಸಮನೆ ಒತ್ತಬೇಕು, ಉಳಿದ ಮೂರು ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ ನಿಲ್ಲಬೇಕು. ಏಳೇ ದಿನಗಳಲ್ಲಿ ಗಿಟಾರ್ ಕಲಿಸುವ ಪಾಠಗಳು ಸಾಮಾನ್ಯವಾಗಿ ಆರನೆಯ ದಿನ ಈ ಕಾರ್ಡನ್ನು ಪರಿಚಯಿಸುತ್ತವೆ, ಏಳನೆಯ ದಿನ ಅಭಿನಂದನೆ ಹೇಳುತ್ತವೆ. ಬೆರಳುಗಳು ತಿಂಗಳುಗಳ ನಂತರ ಒಪ್ಪುತ್ತವೆ. ನುಡಿಸಿ ತೋರಿಸು ಎಂದೆ. ತಂತಿಗಳು ಝಿರ್ರೆಂದವು, ಒಂದು ಮೂಕವಾಯಿತು, ಕೈ ತೆಗೆಯುವಾಗ ಕೀಂಯ್ ಎಂದಿತು, ಕುರ್ಚಿ ಕಿರುಗುಟ್ಟಿತು, ತಾಳ ಎಲ್ಲೋ ಉಳಿಯಿತು.

ನಾನು ಬೆರಗಾದೆ. ಝಿರ್ ಎನ್ನುವ ಸದ್ದನ್ನು, ಕೀಂಯ್ ಅನ್ನು, ತಪ್ಪಿದ ತಾಳವನ್ನು ನಾನು ಒಂದೊಂದಾಗಿ ಹಣ ಕೊಟ್ಟು ಕೊಂಡವನು; ಈ ಹುಡುಗನ ಕೈಯಿಂದ ಅವೆಲ್ಲ ಒಂದೇ ಹೊಡೆತದಲ್ಲಿ, ಪುಕ್ಕಟೆಯಾಗಿ, ಯಾವ ಪಾಸ್‌ವರ್ಡೂ ಇಲ್ಲದೆ ಬರುತ್ತಿದ್ದವು. ಆ ಮಾತನ್ನು ಅವನಿಗೆ ಹೇಳಿದೆ. ಅವನು ಅವಮಾನವಾದವನಂತೆ ಮುಖ ಮಾಡಿಕೊಂಡು, ಆ ಸದ್ದುಗಳನ್ನು ತೆಗೆಯುವ ಸಾಫ್ಟ್‌ವೇರಿನ ಹೆಸರು ಬರೆದುಕೊಂಡು ಹೋದ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ಮಾಡಿ ನಮ್ಮಂಥವರ ದಾರಿ ತಪ್ಪಿಸಿದರು. ಮನೆಯ ಮಲಗುವ ಕೋಣೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರವೊಂದನ್ನು ಇಟ್ಟುಕೊಂಡು, ಬ್ಯಾಂಡಿನವರಿಗೆ ತೋರಿಸಲೆಂದು ಹಾಡುಗಳ ಕರಡು ತಯಾರಿಸಿದರು; ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ಹಾಕಿಕೊಂಡು ತಿರುಗಿದರು; ದೊಡ್ಡ ಸ್ಟುಡಿಯೊದಲ್ಲಿ ಬ್ಯಾಂಡಿನೊಂದಿಗೆ ಅವೇ ಹಾಡುಗಳನ್ನು ಮತ್ತೆ ನುಡಿಸಿ ನೋಡಿ, ಸರಿಬರದೆ, ಕೊನೆಗೆ ಜೇಬಿನ ಕ್ಯಾಸೆಟ್ಟಿನಲ್ಲಿದ್ದುದನ್ನೇ ಆಲ್ಬಮ್ಮಾಗಿ ಹೊರತಂದರು. ಇದರಿಂದ ನಮ್ಮ ಬಳಗ ಕಲಿತದ್ದೇನೆಂದರೆ, ಆ ಕ್ಯಾಸೆಟ್ ಯಂತ್ರ ಬಹಳ ಒಳ್ಳೆಯದು ಎಂಬುದು. ಇಂದು ಅದರ ಹಳೆಯ ಮಾದರಿಗಳನ್ನು ಹುಡುಕಿ ಕೊಳ್ಳುವವರಿದ್ದಾರೆ, ಸಿಗದವರಿಗೆ ಕ್ಯಾಸೆಟ್ಟಿನ ಸದ್ದನ್ನು ಅನುಕರಿಸುವ ಪ್ಲಗಿನ್ನುಗಳಿವೆ. ಜೇಬನ್ನು ಅನುಕರಿಸುವ ಪ್ಲಗಿನ್ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊನ್ನೆ ನನ್ನದೇ ಒಂದು ರಾಗ ಕೊನೆಗೂ ಪೂರ್ತಿಯಾಯಿತು. ಮರೆತುಹೋಗಬಾರದೆಂದು ಮೊದಲ ದಿನ ಮೊಬೈಲನ್ನು ಹಾಸಿಗೆಯ ಮೇಲಿಟ್ಟು ಅದನ್ನು ನುಡಿಸಿ ಹಿಡಿದಿಟ್ಟಿದ್ದೆ. ನಂತರದ ಹನ್ನೊಂದು ರಾತ್ರಿಗಳು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿರಲು, 192 ಕಿಲೋಹರ್ಟ್ಸಿನಲ್ಲಿ ಅದನ್ನು ವಿಧಿವತ್ತಾಗಿ ರೆಕಾರ್ಡ್ ಮಾಡಿದೆ. ಮನುಷ್ಯರ ಕಿವಿ 20 ಕಿಲೋಹರ್ಟ್ಸಿನ ಆಚೆಗೆ ಕೇಳುವುದಿಲ್ಲವಾದರೂ ಬಾವಲಿಗಳು ಕೇಳುತ್ತವೆ, ಅವುಗಳ ಅಭಿಪ್ರಾಯವನ್ನೂ ಕಡೆಗಣಿಸಬಾರದು. ಕೀಂಯ್ ತೆಗೆದೆ, ಸುಯ್ ತೆಗೆದೆ, ಉಸಿರಾಟ ತೆಗೆದೆ, ತಾಳವನ್ನು ಗೆರೆಗೆ ತಂದೆ. ಆಮೇಲೆ ಟೇಪು, ತಟ್ಟೆ, 60 ಹರ್ಟ್ಸ್, ಚರ್ಚು ಮತ್ತು ಶೇ. 18ರ ಮನುಷ್ಯತ್ವವನ್ನು ಸೇರಿಸಿದೆ. ಎರಡನ್ನೂ, ಯಾವುದು ಯಾವುದೆಂದು ಹೇಳದೆ, ಹೆಂಡತಿಗೆ ಕೇಳಿಸಿದೆ.

“ರೀ, ಮೊದಲನೆಯದೇ ಚೆನ್ನಾಗಿತ್ತು. ಅದರಲ್ಲಿ ಹಿಂದೆ ಫ್ಯಾನ್ ತಿರುಗ್ತಾ ಇತ್ತಲ್ಲ, ಮನೆಯಲ್ಲಿ ಕೂತು ನುಡಿಸಿದ ಹಾಗಿತ್ತು,” ಎಂದಳು.

ಅದು ಮೊಬೈಲಿನದು. ಒಳಗೆ ಹೋಗಿ ಹುಡುಕಿದೆ. ಕೋಣೆಗಳ ಹಿನ್ನೆಲೆ ಸದ್ದುಗಳನ್ನು ಮಾರುವವರೂ ಇದ್ದಾರೆ. ಒಂದು ಸಂಗ್ರಹದಲ್ಲಿ ಸೀಲಿಂಗ್ ಫ್ಯಾನಿನ ಸದ್ದು ಮೂರು ವೇಗಗಳಲ್ಲಿ ಸಿಕ್ಕಿತು. ಹಣ ಪಾವತಿಸಿದೆ. ಫೈಲು ದೊಡ್ಡದಿದ್ದುದರಿಂದ ಡೌನ್‌ಲೋಡ್ ಆಗಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಸೆಕೆ ತಾಳಲಾರದೆ ಫ್ಯಾನ್ ಹಾಕಿಕೊಂಡು ಅದರ ಕೆಳಗೆ ಕುಳಿತಿದ್ದೆ.