ಲ್ಯಾವೆಂಡರ್ ಎಣ್ಣೆ ಮೂಸಿದರೆ ಹೆರಿಗೆ ನೋವು ಹೋಗುವುದಿಲ್ಲ

ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಲ್ಯಾವೆಂಡರ್ ಎಣ್ಣೆ ಮೂಸಿದರೆ ಹೆರಿಗೆ ನೋವೇ ಇರುವುದಿಲ್ಲವಂತೆ, ಸಿಸೇರಿಯನ್ ತಪ್ಪುತ್ತದಂತೆ. ನೋವು ಶುರುವಾಗದಿದ್ದರೆ ಎರಡು ಹನಿ ಕುಡಿಯಬೇಕಂತೆ.

ಇದು ಸರಿಯಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2011ರ ವಿಮರ್ಶೆ, ಹೆರಿಗೆಯಲ್ಲಿ ಪರಿಮಳದ ಎಣ್ಣೆಗಳನ್ನು ಬಳಸಿ ನೋಡಿದ ಎರಡು ಪ್ರಯೋಗಗಳನ್ನು ಪರಿಶೀಲಿಸಿತ್ತು. ಒಟ್ಟು 535 ಹೆಂಗಸರು. ನೋವಿನಲ್ಲಾಗಲಿ ಸಿಸೇರಿಯನ್‌ನಲ್ಲಾಗಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಪರಿಮಳವೇ ಬೇಡ ಎಂದಲ್ಲ. ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸಿದಾಗ ಮನಸ್ಸು ಹಗುರವಾದರೆ ಒಳ್ಳೆಯದೇ. ವಾಕರಿಕೆ ಬಂದರೆ ದೂರ ಇಟ್ಟರಾಯಿತು. ಕೋಣೆಯಿಡೀ ಹಬ್ಬಿಸಬೇಡಿ, ಪಕ್ಕದ ಮಂಚದಲ್ಲೂ ಒಬ್ಬ ತಾಯಿ ಇರುತ್ತಾಳೆ ಅಲ್ವಾ? ಸೊಂಟಕ್ಕೆ ಹಚ್ಚುವುದಾದರೆ ತೆಂಗಿನೆಣ್ಣೆಯಲ್ಲಿ ಬೆರೆಸಿ, ನರ್ಸ್ ಹತ್ತಿರ ಕೇಳಿಯೇ ಹಚ್ಚಿ. ನಿಜವಾಗಿ ಜಾಸ್ತಿ ಉಪಕಾರ ಮಾಡುವುದು ಆ ತಿಕ್ಕುವ ಕೈ. ಮಸಾಜ್, ಜೊತೆಗೊಬ್ಬರು ಇರುವುದು, ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಹೇಳಿದೆ.

ಕುಡಿಯುವುದು ಮಾತ್ರ ಬೇಡವೇ ಬೇಡ. ಇಂಥ ಪರಿಮಳದ ಎಣ್ಣೆಗಳು ತುಂಬಾ ಗಟ್ಟಿ ಸಾರ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಕೂಡ ಬರಬಹುದು. ದಿನ ತುಂಬಿಯೂ ನೋವು ಬಾರದಿದ್ದರೆ ಡಾಕ್ಟರಿಗೆ ತೋರಿಸಿ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.