ನಾತ ಇಲ್ಲದ ಬಂದರು

ಬಂದರು ಅಂದ್ರೆ ಸಾಕು ಕಾರಿನ ಗ್ಲಾಸ್ ಏರಿಸಿಕೊಳ್ಳೋ ಜನಾನೇ, ಅದೇ ಬಂದರು ಫ್ರೇಮ್ ಹಾಕಿಸ್ಕೊಂಡು ಗೋಡೆ ಮೇಲೆ ಕೂತ್ರೆ ಎದುರಿಗೆ ಕೈ ಕಟ್ಕೊಂಡು ನಿಂತು "ಆಹಾ, ಶ್ರಮದ ಸೌಂದರ್ಯ" ಅಂತಾರಲ್ಲ, ಈ ರಸಿಕರ ಪಾದಕ್ಕೆ ಅಡ್ಡ ಬೀಳ್ಬೇಕು ಕಣ್ರೀ.

ಅಮೆರಿಕದ ಚಿತ್ರಕಾರ ವಿಸ್ಲರ್ 1859ರಲ್ಲಿ ಲಂಡನ್ನಿನ ಥೇಮ್ಸ್ ನದಿ ದಂಡೇಲಿ ಮಾಡಿದ 'ಬ್ಲ್ಯಾಕ್ ಲಯನ್ ವಾರ್ಫ್' (ವಾರ್ಫ್ ಅಂದ್ರೆ ಸರಕು ಇಳಿಸೋ ಕಟ್ಟೆ) ಅನ್ನೋ ಎಚ್ಚಿಂಗನ್ನೇ, ಅಂದ್ರೆ ತಾಮ್ರದ ತಗಡಿಂದ ಒತ್ತಿದ ಚಿತ್ರಾನೇ ತಗೊಳ್ಳಿ. ಮುಂದೆ ಒಬ್ಬ ಆಸಾಮಿ ಸುಮ್ನೆ ಕೂತಿದಾನೆ, ಅವನನ್ನ ವಿಸ್ಲರ್ ಗೀಚಿ ಬಿಟ್ಟಂಗೆ ಬಿಟ್ಟಿದಾನೆ, ಆದ್ರೆ ಹಿಂದಿನ ಗೋದಾಮುಗಳ ಹಲಗೆ, ಕಿಟಕಿ, ಬೋರ್ಡು ಒಂದನ್ನೂ ಬಿಟ್ಟಿಲ್ಲ. ನಿಜಕ್ಕೂ ಚಂದ ಇದೆ, ಸುಳ್ಳು ಹೇಳಲ್ಲ. ಇದಕ್ಕೆ ಹಿಂದಿನ ವರ್ಷಾನೇ, 1858ರ ಬೇಸಿಗೇಲಿ, ಇದೇ ನದಿಯ ಹೊಲಸು ನಾತ ತಡೀಲಾರ್ದೆ ಪಾರ್ಲಿಮೆಂಟಿನ ಪರದೆಗಳನ್ನ ಬ್ಲೀಚಿಂಗ್ ನೀರಲ್ಲಿ ಅದ್ದಿ ಕಟ್ಟಿದ್ರು. ಚಿತ್ರದಲ್ಲಿ ಆ ನಾತ ಬರಲ್ಲ, ಅದಕ್ಕೇ ನಮ್ಮೋರು ಮೂಗು ಗ್ಲಾಸಿಗೆ ತಾಗೋಷ್ಟು ಹತ್ರ ಹೋಗ್ತಾರೆ.

ಎಚ್ಚಿಂಗ್ ಅಂದ್ರೇನು, ತಾಮ್ರದ ತಗಡಿಗೆ ಮೇಣ ಬಳಿದು, ಸೂಜೀಲಿ ಗೀಚಿ, ಆಸಿಡ್‌ಗೆ ಹಾಕಿದ್ರೆ ಗೀಚಿದ ಕಡೆ ಮಾತ್ರ ತಾಮ್ರ ತಿಂದ್ಹೋಗತ್ತೆ, ಅಲ್ಲಿಗೆ ಇಂಕು ತುಂಬಿ ಮೇಲಿಂದು ಒರೆಸಿ ಒದ್ದೆ ಕಾಗದ ಇಟ್ಟು ಪ್ರೆಸ್ಸಲ್ಲಿ ಒತ್ತಬೇಕು. ಉಗುರು ಸಂದಿಯೆಲ್ಲ ಕಪ್ಪಾಗೋ ಕೂಲಿ ಕೆಲಸ. ಕ್ಯಾಟಲಾಗಲ್ಲಿ ಮಾತ್ರ "ರೇಖೆಗಳ ಮೌನ ಸಂವಾದ". ಸಂವಾದ ಆಮೇಲಾಗ್ಲಿ ಸ್ವಾಮಿ, ಆ ದೋಣಿ ಹಗ್ಗ ಯಾವ ಕಂಬಕ್ಕೆ ಕಟ್ಟಿದೆ ಹೇಳಿ ನೋಡೋಣ ಅಂದ್ರೆ ಫೋನ್ ಬಂತು ಅಂತ ಆಚೆ ಹೋಗ್ತಾರೆ.

ಇನ್ನೊಂದು ತಮಾಷೆ ಇದೆ. ಲಂಡನ್ನಿನ ಸೇಂಟ್ ಕ್ಯಾಥರಿನ್ ಡಾಕ್ಸ್ ಅನ್ನೋ ಹಡಗುಕಟ್ಟೆ 1968ರಲ್ಲಿ ಮುಚ್ತು, ಈಗ ಅಲ್ಲಿ ದುಡ್ಡಿದ್ದೋರ ಮೋಜಿನ ದೋಣಿಗಳು, ಅದೇ ಯಾಟ್‌ಗಳು, ನಿಲ್ತವೆ, 1981ರಲ್ಲಿ ರಾಯಲ್ ಡಾಕ್ಸೂ ಬಾಗಿಲು ಹಾಕ್ತು. ಮೂಟೆ ಹೊರೋರು ಹೋದ್ರು, ನದಿ ದಂಡೆ ಗೋದಾಮುಗಳು ಫ್ಲಾಟ್ ಆದ್ವು, 'ವಾರ್ಫ್' ಅನ್ನೋ ಹೆಸರು ಮಾತ್ರ ಬಿಡ್ಲಿಲ್ಲ, ಹೆಸರಿಗೆ ರೇಟ್ ಇದೆಯಲ್ಲ. ಅಂಥ ಬಿಲ್ಡಿಂಗ್ ಲಾಬೀಲಿ ಹಳೇ ಬಂದರಿನ ಎಚ್ಚಿಂಗ್ ಹಾಕಿದ್ರೆ ಅದು ಟೇಸ್ಟು! ಆ ಚಿತ್ರದಲ್ಲಿರೋನು ಎದ್ದು ಬಂದು ಲಿಫ್ಟ್ ಒತ್ತಿದ್ರೆ ಸೆಕ್ಯೂರಿಟಿ "ಡೆಲಿವರಿ ಎಲ್ಲ ಹಿಂದಿನ ಗೇಟು" ಅಂತ ಅಟ್ತಾನೆ.

ವಿಸ್ಲರ್‌ಗೆ ಈ ಜನದ ಹಣೆಬರಹ ಮೊದ್ಲೇ ಗೊತ್ತಿತ್ತೋ ಏನೋ. 1871ರಲ್ಲಿ ತನ್ನ ತಾಯಿಯ ಆ ಫೇಮಸ್ ಪೇಂಟಿಂಗ್ ಮಾಡ್ದಾಗ ಹಿಂದಿನ ಗೋಡೇಲಿ ಇದೇ ಬ್ಲ್ಯಾಕ್ ಲಯನ್ ವಾರ್ಫನ್ನ ನೇತುಹಾಕಿದ. ಎಲ್ರೂ ಅಮ್ಮನ ಜೊತೆ ಸೆಲ್ಫಿ ತಗೋತಾರೆ, ಗೋದಾಮಿನ ಕಡೆ ಯಾರೂ ನೋಡಲ್ಲ. ಅಮ್ಮನೂ ನೋಡ್ತಿಲ್ಲ ಬಿಡಿ.