ಕೊಂಡು ತಿನ್ನೋಣ, ಸಿಗಬೇಕಲ್ವಾ?

ದೇಶದೊಳಗಿನ ವಿಮಾನದಲ್ಲಿ ಊಟ ಬೇಕಾದವರು ದುಡ್ಡು ಕೊಟ್ಟು ತಿನ್ನಲಿ, ಟಿಕೆಟ್ ಅಗ್ಗವಾಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಕೊಳ್ಳೋಕೆ ಏನಾದರೂ ಉಳಿದಿರಬೇಕಲ್ವಾ? ಬೆಳಗಿನ ಜಾವದ ದೆಹಲಿ ವಿಮಾನಕ್ಕೆ ಕೋಲಾರದಿಂದ ರಾತ್ರಿಯೇ ಹೊರಟು, ದೇವನಹಳ್ಳಿ ತಲುಪಿ, ಸೀಟು ಆರಿಸೋಕೂ ಬೇರೆ ದುಡ್ಡು ಯಾಕೆ ಅಂತ ಸುಮ್ಮನಿದ್ದುದಕ್ಕೆ ಕೊನೆಯ ಸಾಲಿನಲ್ಲಿ ಕೂತರೆ, ಊಟದ ಗಾಡಿ ನಮ್ಮ ಹತ್ತಿರ ಬರುವಷ್ಟರಲ್ಲಿ ಇರುವುದು ಗೋಡಂಬಿ ಡಬ್ಬ, ಬಿಸಿನೀರು ಸುರಿದು ಕಾಯಬೇಕಾದ ಉಪ್ಪಿಟ್ಟಿನ ಕಪ್ ಅಷ್ಟೇ. ಮುಂದಿನವರು ಸೀಟು ವಾಲಿಸಿದರೆ ಆ ಕಪ್ಪನ್ನೂ ಎದೆಗೆ ಅವಚಿಕೊಂಡೇ ತಿನ್ನಬೇಕು. ಊಟವನ್ನು ಮೊದಲೇ ಬುಕ್ ಮಾಡಿ ಅನ್ನುತ್ತೀರಿ. ಏಜೆಂಟ್ ಹತ್ತಿರ ಟಿಕೆಟ್ ಮಾಡಿಸುವ ನಮ್ಮಪ್ಪನಂಥವರಿಗೆ ಅದನ್ನು ಯಾರೂ ಹೇಳುವುದೇ ಇಲ್ಲ. ಸುಮಾರು ಮೂರು ಗಂಟೆ ಹಾರುವ ವಿಮಾನದಲ್ಲಾದರೂ ತಿಂಡಿ ಟಿಕೆಟ್‌ನಲ್ಲೇ ಸೇರಿರಲಿ.